ಮೆತ್ತನೆಯ ಕಾಡತೂಸು

ಅಸ್ಲಂ ನದಾಫನ ಮನೆತನದವರಿಗೆ ಗೊತ್ತಿದ್ದದ್ದು ಒಂದೇ ಕಸುಬು, ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವುದು. ಗದಗಿನಲ್ಲಿ ಅವನ ಅಜ್ಜ ಹತ್ತಿ ಹಿಂಜುತ್ತಿದ್ದ, ಅಪ್ಪ ಗಾದಿ ಹೊಲಿಯುತ್ತಿದ್ದ. ಅಸ್ಲಂ ಎಂಜಿನಿಯರಿಂಗ್ ಓದಿ ಮಿಶಿಗನ್ನಿನ ನೋವೈಗೆ ಬಂದ. ಕಾರಿನ ಬಿಡಿಭಾಗಗಳನ್ನು ಥಂಡಿ ಕೋಣೆಯಲ್ಲಿಟ್ಟು ಅವು ಯಾವ ಚಳಿಗೆ ಕೈಕೊಡುತ್ತವೆ ಎಂದು ಪರೀಕ್ಷಿಸುವ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ. ಆದರೆ ಶನಿವಾರ ಬಂತೆಂದರೆ ಬೇಸ್‌ಮೆಂಟಿಗೆ ಇಳಿದು ಅವನು ಮಾಡುತ್ತಿದ್ದದ್ದು ಅಪ್ಪ ಅಜ್ಜಂದಿರ ಕೆಲಸವನ್ನೇ. ಹೆಂಡತಿಗಾಗಿ ಮೆತ್ತನೆಯ ಕಾಡತೂಸು ತಯಾರಿಸುತ್ತಿದ್ದ.

ಕಾಡತೂಸು ಅದ್ಹೇಗೆ ಮೆತ್ತಗಿರುತ್ತದೆ ಎಂದು ನಗುವವರು ಒಮ್ಮೆ ಪಿಸ್ತೂಲು ಹಿಡಿದು ನೋಡಬೇಕು. ಒಂಬತ್ತು ಮಿಲಿಮೀಟರಿನ ಅದೇ ಪಿಸ್ತೂಲಿಗೆ ಹಗುರ ಗುಂಡು ಕೂರಿಸಿ ಮದ್ದು ಜಾಸ್ತಿ ಹಾಕಿದರೆ, ಹಾರಿಸಿದಾಗ ಅಂಗೈಗೆ ಚಟೀರೆಂದು ಏಟು ಬೀಳುತ್ತದೆ. ಭಾರದ ಗುಂಡು ಕೂರಿಸಿ, ಬೇಗ ಉರಿಯುವ ಮದ್ದನ್ನು ಸ್ವಲ್ಪವೇ ಹಾಕಿದರೆ, ಯಾರೋ ಹೆಗಲು ಹಿಡಿದು ನಿಧಾನಕ್ಕೆ ಪಕ್ಕಕ್ಕೆ ಸರಿಸಿದ ಹಾಗಿರುತ್ತದೆ. ಅಂಗಡಿಯ ಕಾಡತೂಸಿನಲ್ಲಿ ಈ ನಾಜೂಕು ಸಿಗುವುದಿಲ್ಲ. ಅದಕ್ಕೇ ಸ್ಪರ್ಧೆಗೆ ಹೋಗುವವರು ಗುಂಡು ಹಾರಿದ ಮೇಲೆ ಬಿದ್ದ ಖಾಲಿ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ತೊಳೆದು, ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ.

ಬದ್ರುನ್ನೀಸಾ ನೋವೈಯಲ್ಲಿ ಸಣ್ಣದೊಂದು ಟೇಲರಿಂಗ್ ಅಂಗಡಿ ಇಟ್ಟಿದ್ದಳು. ಬ್ಲೌಸು ಬಿಗಿ ಮಾಡುವುದು, ಶೇರ್ವಾನಿ ಸಡಿಲಿಸುವುದು, ಅಮೆರಿಕನ್ನರ ಪ್ಯಾಂಟು ಮಡಚಿ ಹೊಲಿಯುವುದು. ಪಕ್ಕದ ಅಂಗಡಿಯ ಗಾಜು ಯಾರೋ ಒಡೆದರೆಂದು ಆ ಸಾಲಿನ ಹೆಂಗಸರೆಲ್ಲ ಸೇರಿ ಶೂಟಿಂಗ್ ಕ್ಲಾಸಿಗೆ ಹೋದಾಗ, ಸುಮ್ಮನೆ ಜೊತೆಗಿರಲಿ ಎಂದು ಇವಳೂ ಹೋದಳು. ಉಳಿದವರ ಗುಂಡುಗಳು ಗೋಡೆ, ಮಾಡು, ಮಣ್ಣು ಎಲ್ಲೆಲ್ಲೋ ಹೋದವು. ಇವಳವು ಕಾಗದದ ನಡುವೆ ಒಂದೇ ತೂತಿನ ಸುತ್ತ ಕೂತವು. ವರ್ಷಗಟ್ಟಲೆ ಸೂಜಿಯ ಕಣ್ಣಿಗೆ ದಾರ ಹಾಕಿದ ಕೈ ಅದು. ಅವತ್ತಿನಿಂದ ಅವಳಿಗೆ ಹಿಡಿದ ಹುಚ್ಚು ಬಿಡಲಿಲ್ಲ. ನೆಂಟರಿಗೆ ಮಾತ್ರ ಹೇಳಲಿಲ್ಲ. ನದಾಫರ ಸೊಸೆ ತಲೆಗೆ ಸೆರಗು ಕಟ್ಟಿಕೊಂಡು ಬಿಳಿಯರ ನಡುವೆ ಪಿಸ್ತೂಲು ಹಾರಿಸುತ್ತಾಳೆ ಎಂದರೆ ಗದಗಿನವರೆಗೂ ಫೋನು ಹೋಗುತ್ತಿತ್ತು.

ಕ್ಲಬ್ಬಿನ ಸಣ್ಣಪುಟ್ಟ ಸ್ಪರ್ಧೆಗಳಲ್ಲಿ ಅವಳು ಗೆದ್ದಳು, ಸೋತಳು. ಆದರೆ ವರ್ಷಕ್ಕೊಮ್ಮೆ ಶಿಕಾಗೋದ ಪಶ್ಚಿಮಕ್ಕೆ, ಜೋಳದ ಹೊಲಗಳ ಆಚೆ ನಡೆಯುವ ದೊಡ್ಡ ಸ್ಪರ್ಧೆಯೇ ಅವಳ ಗುಂಗು. ಒಂದು ವರ್ಷ ಅರ್ಧಕ್ಕೆ ಬಿರುಗಾಳಿ ಬಂದು ಸ್ಪರ್ಧೆ ನಿಂತಿತು. ಇನ್ನೊಂದು ವರ್ಷ ಓಡುವಾಗ ಬೆರಳು ಟ್ರಿಗರಿನ ಮೇಲಿತ್ತೆಂದು ಹೊರಗೆ ಹಾಕಿದರು. ನಿಯಮ ನಿಯಮವೇ. ಅವಳು ಅತ್ತಳೇ ಹೊರತು ಜಗಳವಾಡಲಿಲ್ಲ.

ಆಮೇಲೆ ಸೂಜಿ ಕೈಯಿಂದ ಬೀಳತೊಡಗಿತು. ಒಂದು ದಿನ ಗಿರಾಕಿಯ ಬಿಳಿ ಬ್ಲೌಸಿನ ಮೇಲೆ ರಕ್ತದ ಚುಕ್ಕೆಗಳಿದ್ದವು. ಸೂಜಿ ಬೆರಳಿಗೆ ನಾಟಿದ್ದನ್ನು ನೋಡಿಕೊಳ್ಳಲಿಲ್ಲವೇ ಎಂದು ಅಸ್ಲಂ ಕೇಳಿದರೆ, ಅವಸರದಾಗಿದ್ದೆ ಅಂದಳು. ಅವನು ನಂಬಿದ. ಡಾಕ್ಟರು ಕೈಗೆಲ್ಲ ತಂತಿ ಹಚ್ಚಿ ನೋಡಿ, ಬೆರಳಿನ ತುದಿಯಿಂದ ನರಗಳು ಒಂದೊಂದಾಗಿ ಸಾಯುತ್ತ ಮೇಲಕ್ಕೆ ಬರುವ ಕಾಯಿಲೆ ಇದು, ಔಷಧ ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ, ಮುಂದಿನ ವಸಂತಕ್ಕೆ ಈ ಕೈಯಲ್ಲಿ ಚಹಾದ ಕಪ್ಪು ಹಿಡಿಯುವುದೂ ಕಷ್ಟ ಎಂದರು. ಬದ್ರುನ್ನೀಸಾ ಅಂಗಡಿ ಮುಚ್ಚಿದಳು. ಮಷೀನು ಮಾರಿದ ದಿನ ಅಡುಗೆಮನೆಯಲ್ಲಿ ನಿಂತು ಗಂಡನಿಗೆ ಹೇಳಿದಳು.

"ಅಕ್ಟೋಬರದಾಗ ಶಿಕಾಗೋ ಮ್ಯಾಚ್ ಐತಿ. ಒಂದ ಸಲ ಪೂರಾ ಹೊಡೀಬೇಕರೀ. ಗೆಲ್ಲೂದು ಬ್ಯಾಡ. ಕಡೀಕ ಬಂದರೂ ಅಡ್ಡಿಯಿಲ್ಲ. ರಿಸಲ್ಟಿನ್ಯಾಗ ನನ್ನ ಹೆಸರಿನ ಮುಂದ ಒಂದ ನಂಬರ್ ಬರಲಿ ಸಾಕು."

"ಬರತೈತಿ," ಎಂದ ಅಸ್ಲಂ. "ನಿನ್ನ ಕೈಗೆ ಗೊತ್ತಾಗಲಾರದಂಥ ಕಾಡತೂಸು ಮಾಡಿ ಕೊಡತೀನಿ."

ಇಲ್ಲೊಂದು ಲೆಕ್ಕವಿದೆ. ಎಲ್ಲರೂ ಹೀಗೆ ಮೆತ್ತಗೆ ಮಾಡುತ್ತ ಹೋದರೆ ಕೊನೆಗೆ ಪಿಸ್ತೂಲು ಮಕ್ಕಳ ಆಟಿಕೆಯಾಗುತ್ತದೆಂದು ಸ್ಪರ್ಧೆಯವರು ಒಂದು ಗೆರೆ ಎಳೆದಿದ್ದಾರೆ. ಗ್ರೇನ್ ಲೆಕ್ಕದಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ನೂರಾ ಇಪ್ಪತ್ತೈದಾದರೂ ಬರಬೇಕು. ಸ್ಪರ್ಧೆಯ ದಿನ ಎಲ್ಲರಿಂದ ಒಂದಷ್ಟು ಕಾಡತೂಸು ತೆಗೆದುಕೊಂಡು, ಯಂತ್ರದ ಮುಂದೆ ಹಾರಿಸಿ ಅಳೆಯುತ್ತಾರೆ. ಕಡಿಮೆ ಬಂದರೆ ಹೊರಗೆ ಹಾಕುವುದಿಲ್ಲ. ಬೇಕಾದರೆ ಆಡಿಕೊಂಡಿರಿ, ಅಂಕವಿಲ್ಲ ಎನ್ನುತ್ತಾರೆ. ಅದಕ್ಕೆ ಬಲ್ಲವರು ನೂರಾ ಮೂವತ್ತರ ಹತ್ತಿರ ಇಟ್ಟುಕೊಂಡು ನಿಶ್ಚಿಂತೆಯಾಗಿರುತ್ತಾರೆ.

ಅಸ್ಲಂ ಮೊದಲು ಇಟ್ಟದ್ದೂ ನೂರಾ ಮೂವತ್ತೇ. ಗುಂಡು ಹಗುರದ್ದು ಬಿಟ್ಟು ಮಧ್ಯಮದ್ದಕ್ಕೆ ಬಂದ, ಮಧ್ಯಮದ್ದು ಬಿಟ್ಟು ನೂರಾ ನಲವತ್ತೇಳು ಗ್ರೇನಿನ ಭಾರದ್ದಕ್ಕೆ ಬಂದ. ಸಾಲಲಿಲ್ಲ. ನಾಲ್ಕೈದು ಸುತ್ತು ಹಾರಿಸುವಷ್ಟರಲ್ಲಿ ಬದ್ರುನ್ನೀಸಾಳ ಮಣಿಕಟ್ಟು ಜೋಲುತ್ತಿತ್ತು. ಅವಳು ಚೊಲೋ ಐತಿ ಎನ್ನುತ್ತಿದ್ದಳು. ಅವಳ ಬಾಯಿಯ ಮಾತಿಗಿಂತ ಪಿಸ್ತೂಲಿನ ತುದಿ ನಿಜ ಹೇಳುತ್ತಿತ್ತು. ಅವನು ಮತ್ತೆ ಬೇಸ್‌ಮೆಂಟಿಗೆ ಇಳಿದು ತಕ್ಕಡಿಯ ಮುಂದೆ ಕೂತು ಮದ್ದಿನ ಒಂದೆರಡು ಕಣ ಕಡಿಮೆ ಮಾಡುತ್ತಿದ್ದ. ನೂರಾ ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಇಪ್ಪತ್ತೇಳು. ಒಂದೊಂದು ಅಂಕಿ ಇಳಿಸಿದಾಗಲೂ ಹೆಂಡತಿಯ ಕೈಯ ಮೇಲಿನ ಭಾರ ತಾನು ಇಳಿಸಿದೆ ಅಂದುಕೊಂಡ.

ಕೊನೆಗೆ ಉಳಿದದ್ದು ಎರಡು ಡಬ್ಬಿ ಮದ್ದು, ಒಂದು ನೀಲಿ ಮುಚ್ಚಳದ್ದು, ಒಂದು ಕೆಂಪು ಮುಚ್ಚಳದ್ದು. ನೀಲಿ ಸ್ವಲ್ಪ ಒರಟು, ಆದರೆ ಬಿಸಿಲಿರಲಿ ಹಿಮವಿರಲಿ ಒಂದೇ ತರಹ ಉರಿಯುತ್ತದೆ. ಕೆಂಪು ಬೆಣ್ಣೆಯಂಥದ್ದು, ಆದರೆ ಚಳಿಗೆ ಸೋಮಾರಿಯಾಗಿ ವೇಗ ಕಳೆದುಕೊಳ್ಳುತ್ತದೆ. ಸೆಪ್ಟೆಂಬರಿನ ಒಂದು ಬೆಚ್ಚನೆಯ ಮಧ್ಯಾಹ್ನ ಎರಡನ್ನೂ ಅವಳ ಕೈಯಿಂದ ಹಾರಿಸಿ ನೋಡಿದ. ನೀಲಿಯಲ್ಲಿ ಅವಳು ಅರ್ಧಕ್ಕೇ ಪಿಸ್ತೂಲು ಇಳಿಸಿದಳು. ಕೆಂಪಿನಲ್ಲಿ ಮ್ಯಾಗಝೀನು ಪೂರ್ತಿ ಖಾಲಿ ಮಾಡಿ, ತಿರುಗಿ ನೋಡಿ ನಕ್ಕಳು. ಅವಳು ನಗದೆ ತಿಂಗಳುಗಳಾಗಿದ್ದವು. ಅಸ್ಲಂ ಕೆಂಪನ್ನೇ ಆರಿಸಿದ. ಲೆಕ್ಕವನ್ನು ನೂರಾ ಇಪ್ಪತ್ತಾರೂವರೆಗೆ ಇಳಿಸಿ ನಿಲ್ಲಿಸಿದ.

ಚಳಿಯ ವಿಷಯ ಅವನಿಗೆ ಗೊತ್ತಿರಲಿಲ್ಲವೇ? ಜೀವಮಾನವೆಲ್ಲ ಬೇರೆಯವರ ಸಾಮಾನನ್ನು ಚಳಿಗಿಟ್ಟು, ಇದು ಪಾಸು, ಇದು ನಪಾಸು ಎಂದು ಸಹಿ ಹಾಕಿದ ಮನುಷ್ಯ. ಫ್ರೀಝರಿನಲ್ಲಿಟ್ಟು ಹತ್ತು ಸುತ್ತು ಹಾರಿಸಿ ನೋಡಿದ್ದರೆ ಒಂದು ಗಂಟೆಯ ಕೆಲಸ. ಅವನು ಅದನ್ನು ಮಾಡಲಿಲ್ಲ, ಏಕೆಂದರೆ ನಪಾಸು ಎಂದು ಗೊತ್ತಾದರೆ ಮತ್ತೆ ಮದ್ದು ಜಾಸ್ತಿ ಮಾಡಬೇಕಾಗುತ್ತಿತ್ತು. ಅವಳ ಆ ನಗು ವಾಪಸು ಹೋಗುತ್ತಿತ್ತು. ಕಾಡತೂಸನ್ನು ಬೆಚ್ಚಗೆ ಇಟ್ಟುಕೊಂಡರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವಳಿಗೂ ಹೇಳಿದ. "ಸ್ಯಾಂಪಲ್ ಕೇಳಿದರ ಮೊದಲ ಮುಟ್ಟಿ ನೋಡು. ತಣ್ಣಗಿದ್ದರ ಕೊಡಬ್ಯಾಡ, ನಾ ಬರೂತನಕ ನಿಲ್ಲು."

"ಹೂಂ," ಎಂದಳು ಅವಳು.

ಸ್ಪರ್ಧೆ ಶುಕ್ರವಾರ. ಗುರುವಾರ ಮಧ್ಯಾಹ್ನ ನೋವೈ ಬಿಟ್ಟು ಸಂಜೆಗೆ ಶಿಕಾಗೋ ಬಳಿಯ ನೇಪರ್‌ವಿಲ್ ಮುಟ್ಟಿದರು. ಅಲ್ಲಿ ಅಸ್ಲಂನ ಅಕ್ಕನ ಮಗಳು ಸುಬಿಯಾ ಇದ್ದಾಳೆ. ಊರಿಗೆ ಹೋಗಿ ಸ್ವಂತ ಸೋದರ ಸೊಸೆಯ ಮನೆ ಬಿಟ್ಟು ಹೋಟೆಲಿನಲ್ಲಿ ಇಳಿಯುವುದುಂಟೇ? ಬದ್ರುನ್ನೀಸಾಳ ಕೈಯನ್ನು ಶಿಕಾಗೋದ ದೊಡ್ಡ ಡಾಕ್ಟರಿಗೆ ತೋರಿಸಲು ಬಂದಿದ್ದೇವೆ ಎಂದು ಅವಳಿಗೆ ಸುಳ್ಳು ಹೇಳಿದ್ದರು. ಸುಬಿಯಾ ಅದನ್ನು ನಂಬಿ, ಮಾಮಿಗಾಗಿ ದುವಾ ಮಾಡಿಸಲು ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದಳು. ಡ್ರೈವ್‌ವೇ ತುಂಬ ಕಾರುಗಳು, ಬಾಗಿಲ ತುಂಬ ಮಕ್ಕಳ ಚಪ್ಪಲಿ, ಒಳಗೆ ಬಿರಿಯಾನಿಯ ಘಮ.

ಅಸ್ಲಂ ಡಿಕ್ಕಿ ತೆಗೆದ. ಪಿಸ್ತೂಲು ಸೂಟ್‌ಕೇಸಿನೊಳಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಕಾಡತೂಸಿನದು ಮಾತ್ರ ಮಿಲಿಟರಿ ಹಸಿರಿನ ಕಬ್ಬಿಣದ ಡಬ್ಬಿ, ನೋಡಿದವರು ಕೇಳದೆ ಬಿಡುವಂಥದ್ದಲ್ಲ.

"ಮಾಮಾ, ಅದೇನದು ಡಬ್ಬಿ? ಒಳಗ ತರ್ರಿ," ಎಂದಳು ಸುಬಿಯಾ ಬಾಗಿಲಲ್ಲಿ ನಿಂತು.

ಅವಳ ಹಿಂದೆ ಗಡ್ಡದ ಹಿರಿಯರೊಬ್ಬರು, ದುವಾಕ್ಕೆ ಬಂದವರು, ಮುಗುಳ್ನಗುತ್ತ ನಿಂತಿದ್ದರು. "ಏನಿಲ್ಲವ್ವಾ, ಗಾಡಿ ರಿಪೇರಿ ಸಾಮಾನು. ಇಲ್ಲೇ ಇರಲಿ," ಎಂದು ಅಸ್ಲಂ ಡಿಕ್ಕಿ ಮುಚ್ಚಿದ. ಊಟವಾದ ಮೇಲೆ ಯಾರೂ ಇಲ್ಲದಾಗ ತಂದರಾಯಿತು ಅಂದುಕೊಂಡ. ಆ ಹಿರಿಯರು ಬದ್ರುನ್ನೀಸಾಳ ಕೈಗಳಿಗಾಗಿ ಎಷ್ಟು ಹೊತ್ತು ಬೇಡಿಕೊಂಡರೆಂದರೆ ಸುಬಿಯಾಳ ಕಣ್ಣು ತೊಯ್ದವು, ಬದ್ರುನ್ನೀಸಾ ತಲೆ ಮೇಲೆತ್ತಲಿಲ್ಲ. ಸುಳ್ಳು ಹೇಳಿ ದುವಾ ಪಡೆದ ಸಂಕಟದಲ್ಲಿ ಅಸ್ಲಂಗೆ ಡಬ್ಬಿಯ ನೆನಪೇ ಹೋಯಿತು.

ಬೆಳಿಗ್ಗೆ ಕಾರಿನ ಗಾಜಿನ ಮೇಲೆ ದಪ್ಪ ಇಬ್ಬನಿ ಹೆಪ್ಪುಗಟ್ಟಿತ್ತು. ಡ್ಯಾಶ್‌ಬೋರ್ಡು ಇಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು, ನೀರು ಹೆಪ್ಪುಗಟ್ಟುವುದಕ್ಕಿಂತ ಕೆಳಗಿನ ಚಳಿ. ಅಸ್ಲಂ ಡಬ್ಬಿಯನ್ನು ಹಿಂದಿನ ಸೀಟಿಗೆ ತಂದು, ಹೀಟರನ್ನು ಪೂರ್ತಿ ತಿರುಗಿಸಿ ಹೊರಟ. ದಾರಿಯುದ್ದಕ್ಕೂ ಇಬ್ಬರೂ ಬೆವರಿದರು. ಕಬ್ಬಿಣದ ಡಬ್ಬಿಯೊಳಗೆ ರಾತ್ರಿಯಿಡೀ ಕೂತ ಚಳಿ ಒಂದು ಗಂಟೆಯಲ್ಲಿ ಇಳಿಯುವುದಿಲ್ಲವೆಂದು ಅವನ ಕಸುಬೇ ಅವನಿಗೆ ಕಲಿಸಿತ್ತು. ಆದರೂ ಇಳಿಯುತ್ತದೆ, ಇಳಿಯುತ್ತದೆ ಎಂದು ಸ್ಟೇರಿಂಗು ಹಿಡಿದು ಬಡಬಡಿಸಿದ.

"ಮುಟ್ಟಿ ನೋಡತೀನಿ ಬಿಡ್ರಿ," ಎಂದಳು ಬದ್ರುನ್ನೀಸಾ.

ಗೇಟಿನ ಹತ್ತಿರ ಅವಳನ್ನೂ ಡಬ್ಬಿಯನ್ನೂ ಇಳಿಸಿ ಅವನು ಪಾರ್ಕಿಂಗಿಗೆ ಹೋದ. ಕಾರು ನಿಲ್ಲಿಸುವ ಜಾಗ ಹೊಲದ ಆ ತುದಿಯಲ್ಲಿತ್ತು. ಅವನು ಓಡುತ್ತ ಬರುವಷ್ಟರಲ್ಲಿ ಅವಳು ನೋಂದಣಿ ಮುಗಿಸಿ, ಸ್ಯಾಂಪಲ್ ಕೊಟ್ಟು, ಎದೆಗೆ ನಂಬರು ಅಂಟಿಸಿಕೊಂಡು ನಿಂತಿದ್ದಳು.

"ಕೊಟ್ಟ್ಯಾ? ತಣ್ಣಗಿರಲಿಲ್ಲೇನು?"

"ಇಲ್ಲರೀ. ಮುಟ್ಟಿ ನೋಡೇ ಕೊಟ್ಟೆ. ತಣ್ಣಗಿರಲಿಲ್ಲ."

ಅಸ್ಲಂಗೆ ಹೋದ ಜೀವ ಬಂದಂತಾಯಿತು. ಹೀಟರು ಕೆಲಸ ಮಾಡಿತು, ದುವಾ ಕೆಲಸ ಮಾಡಿತು ಅಂದುಕೊಂಡ. ಹೆಂಡತಿಯ ಬೆನ್ನು ತಟ್ಟಿದ.

ಆ ಬೆಳಿಗ್ಗೆ ಬದ್ರುನ್ನೀಸಾ ಹಾರಿಸಿದ ರೀತಿಯನ್ನು ಅವನು ಬದುಕಿರುವವರೆಗೆ ಮರೆಯಲಾರ. ಒಟ್ಟು ಎಂಟು ಸ್ಟೇಜ್. ಪ್ರತಿಯೊಂದರಲ್ಲೂ ಬೀಪ್ ಎಂದ ಕೂಡಲೇ ಪಿಸ್ತೂಲು ತೆಗೆದು, ನಡೆಯುತ್ತ, ಬಾಗುತ್ತ, ರಟ್ಟಿನ ಗುರಿಗಳಿಗೂ ಕಬ್ಬಿಣದ ತಟ್ಟೆಗಳಿಗೂ ಹೊಡೆಯಬೇಕು. ಅವಳು ಯಾರಿಗಿಂತ ವೇಗವಾಗಿಯೂ ಇರಲಿಲ್ಲ. ಆದರೆ ಒಂದು ಗುಂಡೂ ದಾರಿ ತಪ್ಪಲಿಲ್ಲ. ತಟ್ಟೆಗಳು ಟಣ್ ಟಣ್ ಎಂದು ಸಾಲಾಗಿ ಬಿದ್ದವು. ಪಿಸ್ತೂಲು ಅವಳ ಕೈಯಲ್ಲಿ ಎದ್ದು ಕೂತಂತೆಯೂ ಆಗುತ್ತಿರಲಿಲ್ಲ, ಅಷ್ಟು ಮೆತ್ತಗಿತ್ತು. ನಾಲ್ಕನೆಯ ಸ್ಟೇಜ್ ಮುಗಿದಾಗ ಅವರ ಗುಂಪಿನ ದಢೂತಿ ಗಡ್ಡದವನೊಬ್ಬ ತನ್ನ ಟೋಪಿ ತೆಗೆದು ಅವಳಿಗೆ ಬಾಗಿದ. ಬದ್ರುನ್ನೀಸಾ ನಾಚಿ ಸೆರಗು ಸರಿಮಾಡಿಕೊಂಡಳು. ಬಿಸಿಲು ಏರತೊಡಗಿತ್ತು.

ಐದನೆಯದು ಮುಗಿದ ಮೇಲೆ ಅಳತೆಯ ಮೇಜು. ನೆರಳಿನಲ್ಲಿ, ಗಾಳಿಗೆ ಬಾಯಿ ತೆರೆದ ಡೇರೆಯ ಕೆಳಗೆ, ಬೆಳಿಗ್ಗೆ ಕೊಟ್ಟ ಸ್ಯಾಂಪಲ್‌ಗಳ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ಕೂತಿದ್ದವು. ಡೇಲ್ ಎಂಬ ಮುದುಕ ಅಳೆಯುತ್ತಿದ್ದ. ಅವನು ಬದ್ರುನ್ನೀಸಾಳ ಒಂದು ಕಾಡತೂಸು ಬಿಚ್ಚಿ ಗುಂಡನ್ನು ತೂಗಿದ. ಆಮೇಲೆ ಅವಳದೇ ಪಿಸ್ತೂಲಿನಿಂದ ಮೂರು ಹಾರಿಸಿದ. ಯಂತ್ರ ನೋಡಿದ. ಏನೂ ಹೇಳದೆ ಮತ್ತೆ ಮೂರು ಹಾರಿಸಿದ. ಆ ಏನೂ ಹೇಳದ ಹೊತ್ತಿನಲ್ಲೇ ಅಸ್ಲಂಗೆ ಗೊತ್ತಾಯಿತು. ಅವನ ಕಸುಬಿನಲ್ಲಿ ಅವನೂ ಹಾಗೆಯೇ ಸುಮ್ಮನಾಗುತ್ತಿದ್ದ.

"ನೂರಾ ಇಪ್ಪತ್ಮೂರು ಚಿಲ್ಲರೆ," ಎಂದ ಡೇಲ್ ಇಂಗ್ಲಿಷಿನಲ್ಲಿ, ಟೋಪಿಯ ಅಂಚು ಮುಟ್ಟಿ. "ಕ್ಷಮಿಸಬೇಕು ಮೇಡಂ. ಮುಂದಿನ ಸ್ಟೇಜ್‌ಗಳನ್ನು ನೀವು ಆಡಬಹುದು. ಆದರೆ ಅಂಕ ಇರುವುದಿಲ್ಲ. ಮುಗಿದವಕ್ಕೂ ಇರುವುದಿಲ್ಲ."

ಅಸ್ಲಂ ಮೇಜಿಗೆ ಹೋಗಿ ಚೀಲದಲ್ಲಿ ಉಳಿದಿದ್ದ ಒಂದು ಕಾಡತೂಸನ್ನು ಮುಟ್ಟಿದ. ಬಿಸಿಲೇರಿದ ಆ ಹೊತ್ತಿನಲ್ಲೂ ಅದು ಬೆರಳು ಕಚ್ಚುವಷ್ಟು ತಣ್ಣಗಿತ್ತು. ಬೆಳಿಗ್ಗೆ ಹೇಗಿತ್ತೋ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಮಗುವಿಗೆ ಗೊತ್ತಾಗುವಂಥ ಚಳಿ.

ಅವನು ಹೆಂಡತಿಯ ಕಡೆ ತಿರುಗಿದ. ಬದ್ರುನ್ನೀಸಾ ತನ್ನ ಬಲಗೈಯನ್ನು ಮುಖದ ಹತ್ತಿರ ಹಿಡಿದು, ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ನೋಡುತ್ತಿದ್ದಳು. ಬಿಳಿ ಬ್ಲೌಸಿನ ಮೇಲಿನ ರಕ್ತದ ಚುಕ್ಕೆಗಳು ಅಸ್ಲಂಗೆ ಆಗ ನೆನಪಾದವು. ಅವಸರವೂ ಅಲ್ಲ, ಗಡಿಬಿಡಿಯೂ ಅಲ್ಲ. ಆ ದಿನವೇ ಆ ಬೆರಳುಗಳಲ್ಲಿ ಸ್ಪರ್ಶ ಸತ್ತಿತ್ತು. ಅವಳು ಹೇಳಿರಲಿಲ್ಲ. ಹೇಳಿದ್ದರೆ ಅವನು ಪಿಸ್ತೂಲು ಮುಟ್ಟಗೊಡುತ್ತಿರಲಿಲ್ಲ.

"ಯಾವಾಗಿಂದ?" ಎಂದು ಕೇಳಿದ.

"ಭಾಳ ದಿನ ಆತರೀ," ಎಂದಳು. "ಕೈಯಾಗ ಪಿಸ್ತೂಲ ಐತೋ ಇಲ್ಲೋ ನೋಡೇ ತಿಳಕೋತಿದ್ದೆ. ನೀವು ಮೆತ್ತಗ ಮಾಡಿ ಕೊಟ್ಟಿದ್ದು ಎಷ್ಟ ಮೆತ್ತಗಿತ್ತೋ ನಂಗ ಗೊತ್ತ ಇಲ್ಲ. ನೀವು ಕಷ್ಟಪಟ್ಟು ಮಾಡಾಕತ್ತಿದ್ರಿ. ಅದಕ್ಕ ನಕ್ಕೆ."

ಅಸ್ಲಂ ಪಕ್ಕದ ಕಟ್ಟಿಗೆಯ ಬೆಂಚಿನ ಮೇಲೆ ಕೂತುಬಿಟ್ಟ. ತಿಂಗಳುಗಟ್ಟಲೆ ತಕ್ಕಡಿಯ ಮುಂದೆ ಕೂತು ಕಣಕಣ ಇಳಿಸಿದ್ದೆಲ್ಲ ಸತ್ತ ಬೆರಳಿಗಾಗಿ. ಅವಳಿಗೆ ಬೇಕಿದ್ದದ್ದು ಮೆತ್ತನೆಯದಲ್ಲ, ಜೋಲುವ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ ನೀಲಿ ಡಬ್ಬಿಯನ್ನೇ ತುಂಬಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಹೋಗಿ ಇಬ್ಬರೂ ಸೇರಿ ಆ ಒಂದು ನಂಬರನ್ನು ಕೊಂದಿದ್ದರು. ಅವನು ಬಿಳಿಯರ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತ.

"ಏಳ್ರಿ," ಎಂದಳು ಬದ್ರುನ್ನೀಸಾ. "ಉಳದಿದ್ದು ಹೊಡೀತೀನಿ. ಇಲ್ಲಿಮಟ ಬಂದೀವಿ."

ಹೊಡೆದಳು. ಅಂಕ ಬರೆಯುವವನು ಬರೆಯದೆ ನಿಂತಿದ್ದ. ಆರನೆಯದು, ಏಳನೆಯದು ಮುಗಿದವು. ಎಂಟನೆಯದರ ನಡುವೆ ಅವಳ ಕೈ ಇದ್ದಕ್ಕಿದ್ದಂತೆ ನಿಂತಿತು. ಪಿಸ್ತೂಲು ಗುರಿಯ ಮೇಲಿತ್ತು, ಬೆರಳು ಟ್ರಿಗರಿನ ಮೇಲಿತ್ತು, ಬೆರಳು ಅಲುಗಲಿಲ್ಲ. ಅವಳು ಎಡಗೈಯಿಂದ ಆ ಬೆರಳನ್ನು ಬಿಡಿಸಿ, ಪಿಸ್ತೂಲು ಖಾಲಿ ಮಾಡಿ ತೋರಿಸಿ, ನಿಯಮದ ಪ್ರಕಾರವೇ ಚೀಲಕ್ಕೆ ಸೇರಿಸಿದಳು. ಆ ದಢೂತಿ ಗಡ್ಡದವನು ಚಪ್ಪಾಳೆ ತಟ್ಟಲು ಹೋಗಿ ಕೈ ಇಳಿಸಿದ.

ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಸುಬಿಯಾಳ ಫೋನು ಬಂತು. ಅಸ್ಲಂ ಅದನ್ನು ಹೆಂಡತಿಯ ಮುಂದೆ ಹಿಡಿದ. ಬದ್ರುನ್ನೀಸಾ ಸ್ಪೀಕರ್ ಹಾಕಿಸಿದಳು.

"ಡಾಕ್ಟರ್ ಏನಂದ್ರು ಮಾಮಿ?"

"ಪರೀಕ್ಷಾ ಮಾಡಿದ್ರವ್ವಾ. ಭಾಳ ಚೊಲೋ ಮನಷ್ಯಾ. ಇನ್ನ ಏನೂ ಮಾಡಾಕ ಬರೂದಿಲ್ಲ ಅಂದ."

ಆ ಕಡೆ ಸುಬಿಯಾ ಅಳುವುದು ಕೇಳಿಸಿತು. ನಾವ ರಾತ್ರಿ ನೋವೈಗೆ ಹೋಗತೀವಿ, ನಿನ್ನ ಬಿರಿಯಾನಿ ಭಾಳ ರುಚಿ ಆಗಿತ್ತು ಎಂದು ಹೇಳಿ ಬದ್ರುನ್ನೀಸಾ ಫೋನು ಇಡಿಸಿದಳು. ಆಮೇಲೆ ಅಸ್ಲಂ ಹೊತ್ತು ತಂದು ಕಾರಿನ ಪಕ್ಕ ಇಟ್ಟಿದ್ದ ಹಸಿರು ಡಬ್ಬಿಯ ಕಡೆ ನೋಡಿ, ಅಂಗೈ ಚಾಚಿದಳು.

"ಒಂದು ಕೊಡ್ರಿ ಇಲ್ಲೆ."

ಅಸ್ಲಂ ಡಬ್ಬಿ ತೆರೆದು ಒಂದು ಕಾಡತೂಸು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಅದನ್ನು ಮುಚ್ಚಿ ಹಿಡಿಯಲು ಹೋದಳು. ಬೆರಳುಗಳು ಅರ್ಧಕ್ಕೇ ಬಾಗಿದವು.

"ಈಗ ಹೆಂಗೈತಿ ಹೇಳ್ರಿ. ತಣ್ಣಗೈತೇನು?"

ಮಧ್ಯಾಹ್ನದ ಬಿಸಿಲಿಗೆ ಕಾರು ಕಾದಿತ್ತು, ಡಬ್ಬಿಯೂ ಕಾದಿತ್ತು. ಅವನು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದ.

"ಇಲ್ಲ ಬದ್ರು," ಎಂದ. "ಬೆಚ್ಚಗೈತಿ."

ಅವಳು ತಲೆಯಾಡಿಸಿದಳು, ಅವನ ಮಾತನ್ನು ನಂಬಿ ಸೀಟಿನಲ್ಲಿ ಕೂತಳು. ಅವನು ಬೆಲ್ಟು ಎಳೆದು ಹಾಕಿದ.